ಕಿಸೆಯಲ್ಲಿದ್ದ ಫ್ಯೂಜುಗಳು

ಕಚೇರಿಯ ಪತ್ರಗಳನ್ನು ಬಿಟ್ಟರೆ ಬೇರೆ ಬರವಣಿಗೆ ನನಗೆ ರೂಢಿಯಿಲ್ಲ. ಪತ್ರದಲ್ಲಿ ಮೊದಲು ವಿಷಯ, ಅನಂತರ ವಿವರ ಎಂಬ ಕ್ರಮವಿದೆ. ಬೇರೆ ಕ್ರಮ ತಿಳಿಯದ ಕಾರಣ ಅದನ್ನೇ ಅನುಸರಿಸುತ್ತೇನೆ.

ವಿಷಯ ಇಷ್ಟು. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಸೇವೆ ಸಲ್ಲಿಸಿ ನಿವೃತ್ತರಾದ ನನ್ನ ಅಜ್ಜ, ಅಂದರೆ ನನ್ನ ತಂದೆಯ ತಂದೆ, ತಮ್ಮ ಕೊನೆಯ ವರ್ಷಗಳನ್ನು ಒಂದೇ ಪ್ರಶ್ನೆಯೊಂದಿಗೆ ಕಳೆದರು. ಅವರ ಕಿರಿಯ ಮಗ, ನನ್ನ ಚಿಕ್ಕಪ್ಪ, ಕಂಬದ ಮೇಲೆ ಕೆಲಸ ಮಾಡುತ್ತಿದ್ದಾಗ ಕರೆಂಟ್ ಹೊಡೆದು ತೀರಿಕೊಂಡಿದ್ದರು. ಆ ಕೆಲಸವನ್ನು ಕಲಿಸಿದವರು ಅಜ್ಜ. ತಪ್ಪಿದ್ದು ಮಗನೋ, ಕಲಿಸಿದ ತಾನೋ ಎಂಬುದು ಅವರ ಪ್ರಶ್ನೆಯಾಗಿತ್ತು. ಅದಕ್ಕೆ ನಾನು ಉತ್ತರ ಕೊಡಬಲ್ಲೆನೆಂದು ಯಾರೂ ಭಾವಿಸಬಾರದು. ಆಗಲೂ ಕೊಡಲಾಗಲಿಲ್ಲ, ಈಗಲೂ ಆಗುತ್ತಿಲ್ಲ.

ಇನ್ನು ವಿವರ. ನಮ್ಮ ಮನೆ ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಗೆ ತಾಗಿಕೊಂಡ ಓಣಿಯಲ್ಲಿದೆ. ಅಜ್ಜ ಕೆಲಸಕ್ಕೆ ಸೇರಿದ್ದು ಕಂಪ್ಲಿಯ ಕಡೆ. ಗದ್ದೆಗಳ ನಡುವೆ ಕಂಬ ಹೊತ್ತು, ಕೆಸರಿನಲ್ಲಿ ಗುಂಡಿ ತೋಡಿ, ಹಳ್ಳಿಗಳಿಗೆ ಮೊದಲ ತಂತಿ ಎಳೆದವರಲ್ಲಿ ಅವರೂ ಒಬ್ಬರು. ಆಮೇಲೆ ಹಂಪಿಯ ಬಾಳೆತೋಟಗಳ ಪಂಪ್‌ಸೆಟ್ಟುಗಳು, ಆಮೇಲೆ ಹೊಸಪೇಟೆಯ ಓಣಿಗಳು. ಅವರೊಡನೆ ಬಸ್ಸಿನಲ್ಲಿ ಹೋದರೆ ಊರುಗಳ ಹೆಸರು ಕೇಳಿಸುತ್ತಿರಲಿಲ್ಲ, ಕಂಬಗಳ ಕಥೆ ಕೇಳಿಸುತ್ತಿತ್ತು. ಈ ಕಂಬ ಮಳೆಗಾಲದಲ್ಲಿ ವಾಲುತ್ತದೆ, ಆ ಕಂಬದ ಮೇಲೆ ಕಾಗೆ ಗೂಡು ಕಟ್ಟುತ್ತದೆ, ಅದೋ ಅಲ್ಲಿ ಜೇನು ಕಚ್ಚಿ ನಾನು ಬಿದ್ದದ್ದು ಎನ್ನುತ್ತಿದ್ದರು.

ಅವರ ಕೆಲಸದ ಪದ್ಧತಿಯೊಂದನ್ನು ಇಲ್ಲಿ ಸ್ಪಷ್ಟಪಡಿಸಬೇಕಾಗಿದೆ, ಏಕೆಂದರೆ ಮುಂದಿನದೆಲ್ಲವೂ ಅದರಿಂದಲೇ ಬಂದಿತು. ಓಣಿಗೆ ಕರೆಂಟು ಟ್ರಾನ್ಸ್‌ಫಾರ್ಮರಿನಿಂದ ಬರುತ್ತದೆ. ಅದರ ಕೆಳಗಿನ ಪೆಟ್ಟಿಗೆಯಲ್ಲಿ ಬಿಳಿ ಪಿಂಗಾಣಿಯ ಮೂರು ಫ್ಯೂಜುಗಳಿರುತ್ತವೆ. ಅವುಗಳನ್ನು ಕಿತ್ತರೆ ಓಣಿಯ ತಂತಿ ಸತ್ತಂತೆ. ಆದರೆ ಕಿತ್ತು ಅಲ್ಲಿಯೇ ಇಟ್ಟು ಕಂಬ ಹತ್ತಿದರೆ, ಮನೆಯಲ್ಲಿ ಕರೆಂಟಿಲ್ಲವೆಂದು ಬೇಸತ್ತ ಯಾರೋ ಒಬ್ಬರು ಬಂದು ಅವನ್ನು ಮತ್ತೆ ಸಿಗಿಸಿಬಿಡಬಹುದು. ಹಾಗೆ ಸತ್ತವರನ್ನು ಅಜ್ಜ ಕಂಡಿದ್ದರು. ಆದುದರಿಂದ ಅವರು ಫ್ಯೂಜುಗಳನ್ನು ಕಿತ್ತು ತಮ್ಮ ಕಿಸೆಯಲ್ಲಿ ಹಾಕಿಕೊಂಡೇ ಕಂಬ ಹತ್ತುತ್ತಿದ್ದರು. ಸರ್ಕಾರದ ಖಾಕಿ ಪ್ಯಾಂಟಿನ ಕಿಸೆ ಅಷ್ಟು ಭಾರ ತಡೆಯುತ್ತಿರಲಿಲ್ಲ. ಅಜ್ಜಿ ಹಳೆಯ ಕ್ಯಾನ್ವಾಸ್ ಚೀಲ ಕತ್ತರಿಸಿ ಪ್ರತಿ ಪ್ಯಾಂಟಿಗೂ ತೊಡೆಯವರೆಗೆ ಇಳಿಯುವ ಕಿಸೆ ಹೊಲಿದುಕೊಡುತ್ತಿದ್ದರು.

“ನಾ ಮ್ಯಾಲ ಇರತನಕ ಓಣಿ ಕರೆಂಟು ನನ್ನ ಕಿಸೆಯಾಗ ಇರಬೇಕು,” ಎಂದು ಅಜ್ಜ ಹೇಳುತ್ತಿದ್ದರು. “ಮತ್ತೊಬ್ಬರ ಕೈಯಾಗ ಜೀವ ಕೊಟ್ಟು ಹತ್ತಬಾರದು.”

ಈ ಪದ್ಧತಿಯಿಂದ ಒಮ್ಮೆ ಫಜೀತಿಯೂ ಆಗಿತ್ತು. ನಾನು ಹುಟ್ಟುವುದಕ್ಕೆ ಮೊದಲಿನ ಮಾತಾದರೂ ಮನೆಯಲ್ಲಿ ಎಷ್ಟು ಬಾರಿ ಹೇಳಲ್ಪಟ್ಟಿತ್ತೆಂದರೆ ನಾನೇ ಕಂಡಂತಿದೆ. ಮೆಟ್ರಿಯಲ್ಲಿ ಅಜ್ಜಿಯ ತಂಗಿಯ ಮಗಳ ಮದುವೆ. ಅಜ್ಜ ಬೆಳಿಗ್ಗೆ ಒಂದು ಓಣಿಯಲ್ಲಿ ತಂತಿ ಸರಿಪಡಿಸಿ, ಬಸ್ಸು ತಪ್ಪೀತೆಂಬ ಅವಸರದಲ್ಲಿ ಹಾಗೆಯೇ ಹೊರಟುಬಿಟ್ಟರು. ಅಕ್ಷತೆ ಬಿದ್ದು, ಊಟದ ಪಂಕ್ತಿ ಕುಳಿತಾಗ ಹೊಸಪೇಟೆಯಿಂದ ಒಬ್ಬ ಲೂನಾ ಹೊಡೆದುಕೊಂಡು ಬಂದ. ಬೆವರು ಒರೆಸಿಕೊಳ್ಳುತ್ತ ಪಂಕ್ತಿಯಲ್ಲಿ ಹುಡುಕಿ ಅಜ್ಜನ ಎದುರು ನಿಂತ.

“ಲೈನ್‌ಮನ್ನರ, ಊಟ ಮಾಡ್ರಿ, ಗಡಿಬಿಡಿ ಇಲ್ಲ. ಮುಗಿದ ಮ್ಯಾಲ ಕಿಸೆಯಾಗ ಕೈ ಹಾಕ್ರಿ. ನಮ್ಮ ಓಣಿ ಮಂದಿ ಎಲ್ಲಾ ಅದರಾಗ ಕುಂತಾರ.”

ಬೀಗರೆಲ್ಲ ನಕ್ಕರಂತೆ. ಅಜ್ಜ ಹೋಳಿಗೆ ತಿನ್ನುತ್ತಿದ್ದ ಕೈಯಿಂದಲೇ ಮೂರು ಫ್ಯೂಜುಗಳನ್ನು ತೆಗೆದುಕೊಟ್ಟರಂತೆ. ಅಜ್ಜಿ ಮಾತ್ರ, “ತುಪ್ಪ ಹತ್ತಿಸಿ ಕೊಟ್ಟೀರಿ, ಈಗ ಆ ಓಣ್ಯಾಗ ಬಲ್ಬು ಘಮಘಮ ಉರೀತಾವ,” ಎಂದು ಎಷ್ಟೋ ವರ್ಷ ಕಾಡಿಸುತ್ತಿದ್ದರು. ಅಜ್ಜ ಈ ಕಥೆಯನ್ನು ತಾವೂ ಹೇಳಿ ನಗುತ್ತಿದ್ದರು. ಚಿಕ್ಕಪ್ಪ ಹೋದ ಮೇಲೆ ಇದನ್ನು ನಮ್ಮ ಮನೆಯಲ್ಲಿ ಯಾರೂ ಹೇಳಿಲ್ಲ.

ಅಜ್ಜ ನಿವೃತ್ತರಾಗುವ ವೇಳೆಗೆ ಸಂಡೂರಿನ ಗುಡ್ಡಗಳಿಂದ ಅದಿರು ತುಂಬಿದ ಲಾರಿಗಳು ನಮ್ಮ ರಸ್ತೆಯಲ್ಲಿ ಒಂದರ ಬಾಲಕ್ಕೆ ಒಂದು ಹತ್ತಿಕೊಂಡು ಓಡಲಾರಂಭಿಸಿದ್ದವು. ಅಂಗಳದಲ್ಲಿ ಹಪ್ಪಳ ಒಣಗಿಸಿದರೆ ಸಂಜೆಗೆ ಕೆಂಪಾಗಿರುತ್ತಿದ್ದವು. ಕಂಬದ ಮೇಲೆ ತಂತಿಯನ್ನು ಹಿಡಿದಿಡುವ ಪಿಂಗಾಣಿ ಬಟ್ಟಲುಗಳ ಮೇಲೂ ಕೆಂಧೂಳು ಕೂತು, ಮೊದಲ ಹನಿ ಮಳೆ ಬಿದ್ದೊಡನೆ ಪಟಪಟನೆ ಸಿಡಿದು ಕರೆಂಟು ಹೋಗುತ್ತಿತ್ತು. ಅಜ್ಜ ಕಟ್ಟೆಯ ಮೇಲೆ ಕುಳಿತು ತಲೆಯೆತ್ತಿ ನೋಡುತ್ತ, “ಕಬ್ಬಿಣ ತಿಂದಾವ. ತಡ್ಕೊಳ್ಳಂಗಿಲ್ಲ,” ಎನ್ನುತ್ತಿದ್ದರು. ಆ ಧೂಳನ್ನೇ ಅವರೂ ಉಸಿರಾಡುತ್ತಿದ್ದರು. ಕೆಮ್ಮು ಆಗಲೇ ಶುರುವಾಗಿತ್ತು.

ಓಣಿಯ ಗಂಡುಮಕ್ಕಳೆಲ್ಲ ಲಾರಿಯ ಹಿಂದೆ ಹೋದರು. ಕೆಲವರು ಡ್ರೈವರ್ ಆದರು, ಕೆಲವರು ಲಾರಿಯನ್ನೇ ಕೊಂಡರು. ಚಿಕ್ಕಪ್ಪನಿಗೂ ಆ ಮನಸ್ಸಿತ್ತು. ಅಜ್ಜ ಬಿಡಲಿಲ್ಲ. ಅದಿರು ರಾಶಿ ಹಾಕುವ ಸ್ಟಾಕ್‌ಯಾರ್ಡುಗಳು, ಅದನ್ನು ಪುಡಿಮಾಡುವ ಕ್ರಷರುಗಳು, ಲಾರಿ ತೂಗುವ ಕಟ್ಟೆಗಳು ಏಳುತ್ತಿದ್ದ ಕಾಲ ಅದು. ಎಲ್ಲಕ್ಕೂ ತಂತಿ ಬೇಕಿತ್ತು. ಗುತ್ತಿಗೆದಾರರು ಕಂಬ ಹತ್ತಬಲ್ಲವರನ್ನು ಹುಡುಕುತ್ತಿದ್ದರು. ಲಾರಿಯ ಚಕ್ರದ ಹತ್ತಿರಕ್ಕಿಂತ ಕಂಬದ ಮೇಲೆ ತನ್ನ ಮಗ ಸುರಕ್ಷಿತವಾಗಿರುತ್ತಾನೆಂದು ಅಜ್ಜ ನಂಬಿದ್ದರು. ಕಂಬವನ್ನು ಅವರು ಬಲ್ಲವರಾಗಿದ್ದರು.

ಮನೆಯ ಎದುರಿನ ಕಂಬದಲ್ಲಿಯೇ ಪಾಠವಾಯಿತು. ಹಗ್ಗ ಕಟ್ಟುವುದು, ಕಾಲು ಊರುವುದು, ತಂತಿ ಬಿಗಿಯುವುದು. ಎಲ್ಲದಕ್ಕೂ ಮೊದಲು ಫ್ಯೂಜು.

“ಅಪ್ಪಾ, ಈ ಕಿಸೆಯಾಗ ಮೊಬೈಲ್ ಇಡ್ಲೋ, ನಿನ್ನ ಪಿಂಗಾಣಿ ಇಡ್ಲೋ?” ಎಂದು ಚಿಕ್ಕಪ್ಪ ಕೇಳಿದರು.

“ಮೊಬೈಲ್ ಕೊಳ್ಳಾಗ ಕಟ್ಕೊ. ಎಮ್ಮಿ ಗಂಟಿ ಕಟ್ಕೊಳ್ಳಂಗಿಲ್ಲೇನು?”

“ಹುಡುಗಿ ನೋಡಾಕ ಹೋದಾಗ ಕಿಸೆ ಉಬ್ಬಿದ್ರ ಏನ್ ತಿಳ್ಕೊಂತಾರ?”

“ಮನೀಗೆ ತಿರುಗಿ ಬರಾಂವ ಅಂತ ತಿಳ್ಕೊಂತಾರ. ಕೊಡ್ತಾರ ಹುಡುಗೀನ.”

ಅಜ್ಜಿ ಮತ್ತೆ ಕ್ಯಾನ್ವಾಸ್ ಕತ್ತರಿಸಿದರು. ಈ ಬಾರಿ ಮಗನ ಪ್ಯಾಂಟುಗಳಿಗೆ. ಚಿಕ್ಕಪ್ಪ ಗುತ್ತಿಗೆದಾರರೊಬ್ಬರ ಬಳಿ ಕೆಲಸಕ್ಕೆ ಸೇರಿದರು. ಪ್ರತಿ ಸಂಜೆ ಅವರು ಗಾಡಿ ನಿಲ್ಲಿಸುತ್ತಿದ್ದಂತೆ ಅಜ್ಜ ಕಟ್ಟೆಯಿಂದ, “ಎಲ್ಲಿಟ್ಟಿದ್ದಿ?” ಎಂದು ಕೇಳುವರು. ಚಿಕ್ಕಪ್ಪ ಬಾಯಿ ತೆರೆಯದೆ ತೊಡೆಯ ಮೇಲಿನ ಕಿಸೆಯನ್ನು ಎರಡು ಸಲ ತಟ್ಟಿ ಒಳಗೆ ಹೋಗುವರು. ಅಜ್ಜ ಅನಂತರವೇ ಕೈಕಾಲು ತೊಳೆಯಲು ಏಳುತ್ತಿದ್ದರು.

ಇದೇ ಅವಧಿಯಲ್ಲಿ ನಮ್ಮ ಓಣಿಯ ಕಟ್ಟಕಡೆಯಲ್ಲಿ ಲಾರಿ ಮಾಲೀಕರೊಬ್ಬರು ದೊಡ್ಡ ಮನೆ ಕಟ್ಟಿಸಿದರು. ಅವರು ಕೆಟ್ಟವರೆಂದು ನಾನು ಬರೆಯಲಾರೆ. ಕರೆಂಟು ಪದೇಪದೇ ಹೋಗುತ್ತಿದ್ದುದರಿಂದ ಒಂದು ಜನರೇಟರ್ ತಂದರು. ಅದರ ಪೂಜೆಗೆ ಓಣಿಯವರನ್ನೆಲ್ಲ ಕರೆದರು. ಅಜ್ಜನಿಗೆ ವಿಶೇಷ ಆಹ್ವಾನವಿತ್ತು. “ಕರೆಂಟಿನ ಹಿರಿಯರು ನೀವು, ಕಾಯಿ ನೀವ ಒಡೀರಿ,” ಎಂದರು. ಅಜ್ಜ ಬಿಳಿ ಅಂಗಿ ತೊಟ್ಟು ಹೋಗಿ ಕಾಯಿ ಒಡೆದರು. ಯಂತ್ರಕ್ಕೆ ಕುಂಕುಮ ಹಚ್ಚಿದ್ದರು, ನಿಂಬೆಹಣ್ಣು ಇಟ್ಟಿದ್ದರು. ಗುಂಡಿ ಒತ್ತಿದೊಡನೆ ಮನೆಯೆಲ್ಲ ಬೆಳಗಿತು. ಮನೆಗೆ ಬಂದು ಅಜ್ಜ, “ಸಾಹುಕಾರ್ರ ಆಟದ ಸಾಮಾನು. ಸದ್ದು ಭಾಳ,” ಎಂದು ಪ್ರಸಾದದ ಬಾಳೆಹಣ್ಣನ್ನು ನನಗೆ ಕೊಟ್ಟರು.

ಜನರೇಟರ್ ಇರುವ ಮನೆಯಲ್ಲಿ ಹೊರಗಿನ ಕರೆಂಟನ್ನು ಪೂರ್ತಿ ಬಿಡಿಸಿ ಆಮೇಲೆ ಒಳಗಿನದನ್ನು ಕೂಡಿಸುವ ಒಂದು ಸ್ವಿಚ್ಚು ಇರಬೇಕು. ಆ ಮನೆಯಲ್ಲಿ ಅದು ಇರಲಿಲ್ಲ. ಅಲ್ಲಿ ನಿಂತು ಕಾಯಿ ಒಡೆದ ಅಜ್ಜನ ಕಣ್ಣು ಆ ಗೋಡೆಯ ಕಡೆ ಹೋಗಿರಲಿಲ್ಲ. ಅವರ ಸೇವೆಯ ಕಾಲದಲ್ಲಿ ಕರೆಂಟು ಟ್ರಾನ್ಸ್‌ಫಾರ್ಮರಿನಿಂದ ಮನೆಗೆ ಬರುತ್ತಿತ್ತು. ಮನೆಯಿಂದ ಕಂಬಕ್ಕೆ ಹೋಗಬಹುದೆಂದು ಯೋಚಿಸುವ ಪ್ರಸಂಗ ಬಂದಿರಲಿಲ್ಲ.

ಆ ದಿನ ಮಧ್ಯಾಹ್ನ, ಹಿಂಬದಿಯ ತೊಟ್ಟಿಯನ್ನು ಎತ್ತಿಕೊಂಡೇ ತಿರುಗಿದ ಟಿಪ್ಪರ್ ಒಂದು ನಮ್ಮ ಓಣಿಯ ತಂತಿಗೆ ತಗುಲಿ ಅದನ್ನು ಹರಿಯಿತು. ಇಲಾಖೆಯ ರಿಪೇರಿ ಕೆಲಸವನ್ನೂ ವಹಿಸಿಕೊಂಡಿದ್ದ ಗುತ್ತಿಗೆದಾರರು ಹತ್ತಿರದಲ್ಲಿದ್ದ ಚಿಕ್ಕಪ್ಪನನ್ನು ಕಳುಹಿಸಿದರು. ಚಿಕ್ಕಪ್ಪ ಮನೆಗೆ ಬಂದು ನೀರು ಕುಡಿದು, ಟ್ರಾನ್ಸ್‌ಫಾರ್ಮರಿಗೆ ಹೋಗಿ ಫ್ಯೂಜು ಕಿತ್ತರು, ಕಿಸೆಯಲ್ಲಿ ಹಾಕಿಕೊಂಡರು. ಕಟ್ಟೆಯ ಮೇಲಿದ್ದ ಅಜ್ಜನಿಗೆ ಅಲ್ಲಿಂದಲೇ ಕಿಸೆ ತಟ್ಟಿ ತೋರಿಸಿದರು. ಅಜ್ಜ ತಲೆಯಾಡಿಸಿದರು. ಹರಿದ ತಂತಿಯ ಆಚೆಯ ತುಂಡಿನಲ್ಲಿ ಇದ್ದದ್ದು ಓಣಿಯ ಕಡೆಯ ಆ ಒಂದೇ ಮನೆ. ಚಿಕ್ಕಪ್ಪ ಕಂಬ ಹತ್ತಿ ಆ ತುಂಡನ್ನು ಕೈಗೆ ತೆಗೆದುಕೊಂಡರು. ಸೆಖೆಯಾಗುತ್ತಿದೆಯೆಂದು ಆ ಮನೆಯವರು ಅದೇ ಹೊತ್ತಿಗೆ ಜನರೇಟರ್ ಚಾಲೂ ಮಾಡಿದರು. ಕರೆಂಟು ಅವರ ಮೀಟರು ದಾಟಿ ಹಿಂದಕ್ಕೆ ಕಂಬಕ್ಕೆ ಬಂದಿತು.

ನಾನು ಆಗ ಕಾಲೇಜಿನಲ್ಲಿದ್ದೆ. ಅಜ್ಜ ಕಟ್ಟೆಯ ಮೇಲಿದ್ದರು. ಇದಕ್ಕಿಂತ ಹೆಚ್ಚಿಗೆ ಬರೆಯಲು ನನ್ನಿಂದ ಸಾಧ್ಯವಿಲ್ಲ, ಕ್ಷಮಿಸಬೇಕು.

ಕೆಳಗಿಳಿಸಿದಾಗ ಫ್ಯೂಜುಗಳು ಕಿಸೆಯಲ್ಲಿಯೇ ಇದ್ದವು. ಸರ್ಕಾರಿ ಆಸ್ಪತ್ರೆಯಲ್ಲಿ ಬಟ್ಟೆಯ ಗಂಟಿನೊಂದಿಗೆ ಅವುಗಳನ್ನೂ ಕೊಟ್ಟರು. ಅಜ್ಜ ಅವುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಅಲ್ಲಿದ್ದ ಇಲಾಖೆಯವರಿಗೆ ಕೊಟ್ಟು, “ಇವು ಟ್ರಾನ್ಸ್‌ಫಾರ್ಮರಿನವು. ಅಲ್ಲಿ ಹಾಕ್ರಿ, ಮಂದಿ ಕತ್ತಲ್ಯಾಗ ಅದಾರ,” ಎಂದರು.

ಗುತ್ತಿಗೆದಾರರು ಇದು ಕೆಲಸಗಾರನ ನಿಷ್ಕಾಳಜಿಯೆಂದು ಇಲಾಖೆಗೆ ತಿಳಿಸಿದ್ದರು. ವಿಚಾರಣೆಗೆ ಅಧಿಕಾರಿಯೊಬ್ಬರು ನಮ್ಮ ಮನೆಗೆ ಬಂದರು. ಸಭ್ಯರು, ಚಪ್ಪಲಿ ಹೊರಗೆ ಬಿಟ್ಟು ಬಂದು ಕುಳಿತರು.

“ಫ್ಯೂಜು ತೆಗೆದಿದ್ದನೇನ್ರಿ?” ಎಂದು ಕೇಳಿದರು.

“ತೆಗೆದಿದ್ದರಿ. ನಾನ ನೋಡೀನಿ,” ಎಂದರು ಅಜ್ಜ.

“ತಂತಿಗೆ ಸರಪಳಿ ಹಾಕಿ ಭೂಮಿಗೆ ಇಳಿಸಿದ್ದನೇನು?”

“ಇಲ್ಲರಿ. ದೊಡ್ಡ ಲೈನಿಗೆ ಹಾಕ್ತಿದ್ವಿ. ಓಣಿ ಲೈನಿಗೆ ಫ್ಯೂಜು ಕಿಸೆಯಾಗಿದ್ರ ಸಾಕಾಗ್ತಿತ್ತು.”

“ಎಲ್ಲಾ ಲೈನಿಗೂ ಹಾಕಬೇಕ್ರಿ ಯಜಮಾನ್ರ. ಎತ್ತಲಿಂದ ಕರೆಂಟು ಬಂದ್ರೂ ಅದು ಭೂಮಿಗೆ ಇಳೀತದ. ಹಾಕಿಲ್ಲ ಅಂದ್ರ ಅವಂದ ನಿಷ್ಕಾಳಜಿ ಆತು.”

“ಅವಗ ಅದು ಗೊತ್ತಿದ್ದಿಲ್ಲ. ನಾ ಕಲಿಸಿದ್ದಿಲ್ಲ. ತಪ್ಪು ನಂದು ಅಂತ ಬರಕೊಳ್ರಿ.”

ಅಧಿಕಾರಿಗಳು ಪೆನ್ನಿಗೆ ಮುಚ್ಚಳ ಹಾಕಿದರು. “ನಿಮ್ಮ ಹೆಸರು ಹೆಂಗ ಬರೀಲಿ? ನೀವು ರಿಟೈರ್ ಆಗೀರಿ,” ಎಂದರು. ಅಜ್ಜಿ ತಂದಿಟ್ಟ ಚಹಾ ಕುಡಿದು, ಕೈಮುಗಿದು ಹೊರಟುಹೋದರು.

ಲಾರಿ ಮಾಲೀಕರೂ ಬಂದಿದ್ದರು. ಬಾಗಿಲಲ್ಲಿ ನಿಂತು, “ಯಾರಿಗೆ ಗೊತ್ತಿತ್ತರಿ ಯಜಮಾನ್ರ, ಹಿಂಗ ಆಗ್ತದಂತ,” ಎಂದು ಅತ್ತರು. ಅಜ್ಜ, “ನಿಮಗ ಗೊತ್ತಿರಲಿಲ್ಲ. ಖರೆ. ನನಗ ಗೊತ್ತಿರಬೇಕಿತ್ತು,” ಎಂದರು. ಅವರನ್ನು ಬೈಯಲಿಲ್ಲ. ಬೈದಿದ್ದರೆ ಮನೆಯಲ್ಲಿ ಎಲ್ಲರಿಗೂ ಸ್ವಲ್ಪ ಹಗುರಾಗುತ್ತಿತ್ತೇನೋ ಎಂದು ಈಗಲೂ ಅನಿಸುತ್ತದೆ.

ಒಂದು ದಿನ ನಾನು ಧೈರ್ಯ ಮಾಡಿ ಅಜ್ಜನ ಹತ್ತಿರ ಕುಳಿತು, “ತಪ್ಪು ನಿಮ್ದಲ್ಲಜ್ಜಾ,” ಎಂದೆ.

“ಹಂಗಾದ್ರ ಅವಂದೇನು?”

“ಅವಂದೂ ಅಲ್ಲ.”

“ನಾ ಹೇಳಿದಂಗ ಮಾಡ್ಯಾನ. ಒಂದೂ ಬಿಟ್ಟಿಲ್ಲ. ಮಾಡಿದ್ದು ಸರಿ ಇದ್ರ, ಹೇಳಿದ್ದು ತಪ್ಪಿರಬೇಕಲ್ಲವ್ವಾ. ಹೇಳಿದ್ದು ಸರಿ ಇತ್ತು ಅಂದ್ರ, ನನ್ನ ಕೂಸು ಎಲ್ಯೋ ತಪ್ಪಿದ ಅಂದಂಗಾತು. ಯಾವುದು ಹೇಳ್ತಿ ನೀನು?”

ಜನರೇಟರು, ಸ್ವಿಚ್ಚು, ಗುತ್ತಿಗೆದಾರರು ಎಂದು ಹೇಳಬಹುದಾಗಿದ್ದ ಮಾತುಗಳೆಲ್ಲ ನನ್ನ ಬಳಿ ಇದ್ದವು. ಅವು ಅಜ್ಜ ಕೇಳಿದ್ದಕ್ಕೆ ಉತ್ತರವಾಗುತ್ತಿರಲಿಲ್ಲ.

ಅಜ್ಜಿ ಎಲ್ಲ ಪ್ಯಾಂಟುಗಳ ಕಿಸೆಗಳನ್ನೂ ಬಿಚ್ಚಿದರು, ಗಂಡನವು ಮತ್ತು ಮಗನವು. ಕ್ಯಾನ್ವಾಸು ಗಟ್ಟಿಮುಟ್ಟಾಗಿದ್ದುದರಿಂದ ಎಸೆಯದೆ ಒಲೆಯ ಮೇಲಿನ ಪಾತ್ರೆ ಇಳಿಸಲು ಬಳಸಿದರು. ಸಾರಿನ ಪಾತ್ರೆ ಊಟಕ್ಕೆ ಬಂದಾಗ ಅದರ ಕಿವಿಗಳಿಗೆ ಆ ಬಟ್ಟೆಯಿರುತ್ತಿತ್ತು. ಅಜ್ಜ ಅದನ್ನು ನೋಡಿಯೂ ಊಟ ಮಾಡುತ್ತಿದ್ದರು.

ಆಮೇಲೆ ಅವರು ತಿರುಗಲು ಆರಂಭಿಸಿದರು. ಜನರೇಟರಿನ ಸದ್ದು ಕೇಳಿದ ಮನೆಗಳಿಗೆಲ್ಲ ಹೋಗಿ, ಸ್ವಿಚ್ಚು ತೋರಿಸಿರೆಂದು ಕೇಳುವುದು. ಕೆಲವರು ತೋರಿಸಿದರು. ಕೆಲವರು ಇಲಾಖೆಯವರೆಂದು ಹೆದರಿ ಬಾಗಿಲು ಹಾಕಿಕೊಂಡರು. ಕೆಲವರು ಹುಚ್ಚು ಹಿಡಿದಿದೆಯೆಂದರು. ಹೊಸಪೇಟೆ ಮುಗಿಸಿ ಸಂಡೂರಿನ ಬಸ್ಸು ಹತ್ತಿದರು. ಒಂಟಿಯಾಗಿ ಕಳುಹಿಸಲು ಭಯವಾಗಿ ಒಮ್ಮೆ ನಾನೂ ಜೊತೆಗೆ ಹೋದೆ. ದೋಣಿಮಲೈಗೆ ಹೋಗುವ ದಾರಿಯಲ್ಲಿ ಒಂದು ಕ್ರಷರಿನ ಗೇಟಿನಲ್ಲಿ ಕಾವಲುಗಾರ ತಡೆದ.

“ಅಜ್ಜಾ, ನೀ ಯಾರ ಕಡಿಯಾಂವ?”

“ಕಂಬದ ಕಡಿಯಾಂವಪ್ಪ.”

“ಅದ್ಯಾವ ಕಂಪನಿ?”

ಒಳಗೆ ನಾಲ್ಕಾರು ಜನರೇಟರುಗಳು ಒಟ್ಟಿಗೆ ಓಡುತ್ತಿದ್ದವು, ನೆಲ ಅದುರುತ್ತಿತ್ತು. ಅದರಾಚೆ ಇನ್ನೊಂದು ಕ್ರಷರು, ಅದರಾಚೆ ಮತ್ತೊಂದು. ಅಜ್ಜ ಗುಡ್ಡದವರೆಗೂ ಒಮ್ಮೆ ನೋಡಿದರು. ಟವೆಲಿನಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ಕೆಮ್ಮಿ, “ನಡಿ, ಹೋಗೂನು. ಇದು ತೀರಂಗಿಲ್ಲ,” ಎಂದರು. ಅದರ ನಂತರ ಅವರು ಎಲ್ಲಿಗೂ ಹೋಗಲಿಲ್ಲ.

ಮುಂದೆ ಕೋರ್ಟಿನ ಆದೇಶದಿಂದ ಗಣಿಗಳು ನಿಂತವು. ಲಾರಿಗಳು ರಸ್ತೆಯ ಬದಿಯಲ್ಲಿ ಸಾಲಾಗಿ ನಿಂತು ತುಕ್ಕು ಹಿಡಿದವು. ಓಣಿಯ ಕಡೆಯ ಮನೆಯ ಜನರೇಟರಿಗೆ ತಾಡಪತ್ರಿ ಹೊದಿಸಿದರು. ಅಂಗಳದ ಹಪ್ಪಳ ಮತ್ತೆ ಬಿಳಿಯಾಗಿಯೇ ಒಣಗತೊಡಗಿತು. ಅಜ್ಜನ ಎದೆಯೊಳಗಿನ ಧೂಳು ಮಾತ್ರ ಹೋಗಲಿಲ್ಲ. ಅವರು ನಡುಮನೆಯ ಮಂಚದಿಂದ ಏಳುವುದು ಕಡಿಮೆಯಾಯಿತು. ಕಿಟಕಿಯಿಂದ ಎದುರಿನ ಕಂಬ ಕಾಣುತ್ತಿತ್ತು.

ಬೇಸಿಗೆಯ ಗಾಳಿಗೆ ಒಂದು ದಿನ ಆ ಕಂಬದ ತಂತಿ ಕಳಚಿತು. ಸರಿಪಡಿಸಲು ಬಂದವರು ಇಲಾಖೆಯ ಹಳೆಯ ಲೈನ್‌ಮನ್, ಅಜ್ಜನ ಕೈಕೆಳಗೆ ಕೆಲಸ ಕಲಿತವರು. ಅವರಿಗೂ ನಿವೃತ್ತಿ ಹತ್ತಿರವಾಗಿತ್ತು. ಟ್ರಾನ್ಸ್‌ಫಾರ್ಮರಿಗೆ ಹೋಗಿ ಬಂದು, ಕಂಬ ಹತ್ತುವ ಮುನ್ನ ಗುರುಗಳನ್ನು ಮಾತನಾಡಿಸಲೆಂದು ಕಿಟಕಿಯ ಹತ್ತಿರ ಬಂದರು. ಅಜ್ಜನಿಗೆ ಸಂತೋಷವಾಗಲೆಂದು ತೊಡೆಯ ಮೇಲಿನ ಕಿಸೆಯನ್ನು ಎರಡು ಸಲ ತಟ್ಟಿದರು.

“ಇಲ್ಲೇ ಅದಾವ್ರಿ ಗುರುಗಳ. ನೀವು ಕಲಿಸಿದ್ದು ಮರ್ತಿಲ್ಲ.”

ಅಜ್ಜ ಆ ಕಿಸೆಯನ್ನು ನೋಡುತ್ತಿದ್ದರು. “ಹತ್ತಬ್ಯಾಡ,” ಎಂದರು.

“ಕೆಲಸ ಐತ್ರಿ.”

“ಬ್ಯಾಡೋ. ಸರಪಳಿ ತಂದೀಯೇನು?”

“ಆಫೀಸಿನಾಗ ಐತ್ರಿ. ಆ ಮನಿ ಜನರೇಟರ್ ನಿಂತೈತಲ್ರಿ, ಇಷ್ಟಕ್ಕ ಏನ್ ಬೇಕು ಬಿಡ್ರಿ. ಆರಾಮ ಮಲಗ್ರಿ, ಈಗ ಫ್ಯಾನ್ ತಿರುಗಸ್ತೀನಿ.”

ಅವರು ನಗುತ್ತ ಹೋಗಿ ಹತ್ತಿದರು. ಅಜ್ಜ ತಮ್ಮನ್ನು ಗೋಡೆಯ ಕಡೆ ಹೊರಳಿಸಲು ಹೇಳಿದರು. ಹೊರಳಿಸಿದೆ. ಅವರ ಬೆನ್ನು ಬನಿಯನ್ನಿನೊಳಗೆ ಏರುವುದು, ಇಳಿಯುವುದು ಕಾಣುತ್ತಿತ್ತು. ಕಂಬದ ಮೇಲಿಂದ ಇಕ್ಕಳದ ಸದ್ದು ಕೇಳುತ್ತಿತ್ತು. ಅದು ನಿಂತಿತು. ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಿತು.

“ಇಳಿದನಾ?”

“ಇಳದಾರಜ್ಜಾ. ಗಾಡಿ ಹತ್ತಲಿಕ್ಕತ್ತಾರ.”

“ಮತ್ತ ಈ ಕಿಸೆ ಪಾಠ ಅವ ಯಾರ್ಯಾರಿಗೆ ಕಲಿಸ್ಯಾನ, ಕೇಳಿ ಬಾ.”

ನಾನು ಓಡಿಹೋಗಿ ಕೇಳಿದೆ. ಅವರು ಗಾಡಿ ಸ್ಟಾರ್ಟ್ ಮಾಡುವುದನ್ನು ಬಿಟ್ಟು, ಮುಖ ಅರಳಿಸಿ, “ನನ್ನ ಕಡೆ ಬಂದ ಎಲ್ಲಾರಿಗೂ ಕಲಿಸೀನಿ. ಕಾಂಟ್ರಾಕ್ಟ್ ಹುಡುಗರಿಗೆ ಸೈತ. ಗುರುಗಳಿಗೆ ಹೇಳವ್ವಾ, ಸಮಾಧಾನ ಆಗ್ತದ,” ಎಂದರು.

ಒಳಗೆ ಬಂದು ಅದೇ ಮಾತುಗಳನ್ನು ಹೇಳಿದೆ. ಅಜ್ಜ ಗೋಡೆಯ ಕಡೆಯಿಂದ ತಿರುಗಲಿಲ್ಲ. ಕೈ ಮಾತ್ರ ಎತ್ತಿ ಫ್ಯಾನ್ ಆರಿಸಲು ಸನ್ನೆ ಮಾಡಿದರು. ಸೆಖೆ ಬಹಳವಿತ್ತು. ಆದರೂ ಆರಿಸಿದೆ. ಆ ಮಳೆಗಾಲವನ್ನು ಅವರು ಕಾಣಲಿಲ್ಲ.